ಬ್ಲೂನೋಸ್ ಮರದ ಕಿಟ್: ಹಡಗು ಚೆನ್ನ, ಡೋರಿ ಮಾತ್ರ ಮೋಸ

ಬ್ಲೂನೋಸ್ ಅನ್ನೋ ಹಳೆಯ ಮೀನುಗಾರಿಕೆ ಹಾಯಿಹಡಗಿನ ಮಾದರಿ ಕಟ್ಟುವ ಈ ಕಿಟ್‌ಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತಿದ್ದೇನೆ. ಕಡಿಮೆ ಮಾಡಿದ ಒಂದೂವರೆ ಪೂರ್ತಿ ಡೋರಿಗಳ, ಅಂದರೆ ಹಡಗಿನ ಮೇಲಿಡುವ ಪುಟ್ಟ ದೋಣಿಗಳ ಲೆಕ್ಕಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಾಕ್ಸ್‌ನಲ್ಲಿ ಏನೇನಿದೆ, ಯಾವ ಮರ, ಎಷ್ಟು ಹಲಗೆ ಅನ್ನೋದೆಲ್ಲ ಮಾರಾಟದ ಪುಟದಲ್ಲಿ ನೀವು ಆಗಲೇ ನೋಡಿರುತ್ತೀರಿ. ಇದು 1:64 ಅಳತೆ, ಅಂದರೆ ನಿಜವಾದ ಹಡಗಿನ ಅರವತ್ನಾಲ್ಕರಲ್ಲಿ ಒಂದು ಪಾಲು, ಬರೀ ಒಡಲೇ 68 ಸೆಂ.ಮೀ. ಆಗುತ್ತದೆ ಅನ್ನೋದು ಗೊತ್ತಿದ್ದರೆ ಸಾಕು. ಎಲ್ಲಿಡ್ತೀರಾ ಅಂತ ಮನೆಯಲ್ಲಿ ಕೇಳೇ ಕೇಳುತ್ತಾರೆ. ಬೆಲೆ ಮುನ್ನೂರು ಕೆನಡಾ ಡಾಲರ್ ಹತ್ತಿರ. ನಾನಿರುವುದು ಕೆನಡಾದ ನೋವಾ ಸ್ಕೋಶಿಯಾ ರಾಜ್ಯದಲ್ಲಿ, ಹ್ಯಾಲಿಫ್ಯಾಕ್ಸ್ ಎದುರಿನ ಡಾರ್ಟ್‌ಮತ್‌ನಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮೊಬೈಲ್ ತಿಕ್ಕಿ ತಿಕ್ಕಿ ಬೇಜಾರಾಗಿ ಹೋದ ವರ್ಷ ಇದನ್ನು ತಗೊಂಡೆ. ಬ್ಲೂನೋಸೇ ಯಾಕೆ ಅಂದರೆ ಈ ರಾಜ್ಯದಲ್ಲಿ ಅದು ಕಣ್ಣಿಗೆ ಬೀಳದ ದಿನವೇ ಇಲ್ಲ. ಕಾರಿನ ನಂಬರ್ ಪ್ಲೇಟ್ ಮೇಲಿದೆ. ಹತ್ತು ಸೆಂಟ್ ನಾಣ್ಯದ ಮೇಲೆ 1937ರಿಂದ ಇದೆ. ದಿನಾ ಜೇಬಲ್ಲಿ ಇಟ್ಕೊಂಡು ತಿರುಗೋ ಹಡಗು ಹೇಗಿತ್ತು ಅಂತ ನೋಡೋಣ ಅನ್ನಿಸಿತು.

ಮೊದಲ ಕೆಲವು ತಿಂಗಳು ನಿಜಕ್ಕೂ ಖುಷಿ. ರಾತ್ರಿ ಊಟ ಆದಮೇಲೆ ಪಾತ್ರೆ ತೊಳೆದು, ಅದೇ ಸಿಂಕ್ ಪಕ್ಕ ಉದ್ದನೆಯ ಟ್ರೇನಲ್ಲಿ ಬಿಸಿನೀರು ಹಾಕಿ ಎರಡೇ ಎರಡು ಹಲಗೆ ನೆನೆಸುತ್ತಿದ್ದೆ. ಅದು ನೆನೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತದೆ. ಆಮೇಲೆ ಮೆತ್ತಗಾದ ಹಲಗೆಯನ್ನು ಹಡಗಿನ ಮೂತಿಯ ಕಡೆ ನಿಧಾನವಾಗಿ ತಿರುಚಿ, ಅಂಟು ಸವರಿ, ಬಟ್ಟೆ ಒಣಗಿಸೋ ಕ್ಲಿಪ್ ಸಾಲಾಗಿ ಹಾಕಿ ಮಲಗೋದು. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಕ್ಲಿಪ್ ಬಿಚ್ಚೋದು. ಜಾಸ್ತಿ ಹಲಗೆಗೆ ಆಸೆಪಡಬೇಡಿ. ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಹೋದರೆ ಒಡಲು ಸೊಟ್ಟ ಆಗಲ್ಲ.

ಈ ಮೂತಿಯದೇ ಒಂದು ಕತೆ ಇದೆ. ವಿಲಿಯಂ ರೂಯೆ ನಕ್ಷೆ ಹಾಕಿದ ಈ ಹಡಗನ್ನು ಇದೇ ರಾಜ್ಯದ ಲೂನೆನ್‌ಬರ್ಗ್‌ನ ಸ್ಮಿತ್ ಆ್ಯಂಡ್ ರೂಲಾಂಡ್ ಹಡಗುಕಟ್ಟೆಯಲ್ಲಿ ಕಟ್ಟುವಾಗ ಮುಂಭಾಗವನ್ನು 18 ಇಂಚು ಎತ್ತರಿಸಿದರಂತೆ. ಮೀನುಗಾರರು ಮಲಗೋದು, ಉಣ್ಣೋದು ಎಲ್ಲ ಅಲ್ಲೇ, ತಲೆ ತಾಗದ ಹಾಗೆ ಜಾಗ ಬೇಕಿತ್ತು. ಅದರಿಂದಲೇ ಹಡಗಿಗೆ ವೇಗ ಬಂತು ಅನ್ನುವವರೂ ಇದ್ದಾರೆ, ಸುಮ್ನೆ ಹೇಳ್ತಾರೆ ಅನ್ನುವವರೂ ಇದ್ದಾರೆ. ಆ 18 ಇಂಚು ನನ್ನ ಮೇಜಿನ ಮೇಲೆ 7 ಮಿ.ಮೀ. ಆಗುತ್ತದೆ. ಅಷ್ಟರಲ್ಲೇ ಹಲಗೆ ಒಮ್ಮೆಲೇ ಮೇಲಕ್ಕೆ ಏಳುತ್ತದೆ, ನೆನೆಸದೇ ಬಗ್ಗಿಸಿದರೆ ಪಟ್ ಅಂತ ಸೀಳುತ್ತದೆ.

ಹಾಯಿಯ ಏರ್ಪಾಡೂ ಕಟ್ಟುತ್ತಾ ಕಟ್ಟುತ್ತಾ ಅರ್ಥವಾಯಿತು. ಸ್ಕೂನರ್ ಅಂದರೆ ಇಲ್ಲಿ ಎರಡು ಕೂವೆಮರ, ಮುಂದಿನದು ಗಿಡ್ಡ, ಹಿಂದಿನದು ಎತ್ತರ. ಹಾಯಿಗಳು ಅಡ್ಡಡ್ಡ ಇರಲ್ಲ, ಹಡಗಿನ ಉದ್ದಕ್ಕೆ ನಿಲ್ಲುತ್ತವೆ. ಹಾಗಾಗಿ ಗಾಳಿ ಬರುವ ದಿಕ್ಕಿಗೆ ಸಾಕಷ್ಟು ಹತ್ತಿರ ಓರೆಯಾಗಿ ಸಾಗಬಹುದು. ಕೂವೆ ಹತ್ತದೆಯೇ ದೊಡ್ಡ ಹಾಯಿಗಳನ್ನು ಡೆಕ್ ಮೇಲಿಂದ ಏರಿಸಿ ಇಳಿಸಬಹುದು. ಕಡಿಮೆ ಜನ ಸಾಕು. ಇದು ಮುಖ್ಯ. ಯಾಕೆಂದರೆ ನ್ಯೂಫೌಂಡ್‌ಲ್ಯಾಂಡ್ ಆಚೆಯ ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ ಕಾಡ್ ಮೀನು ಹಿಡಿಯುವಾಗ ಹಡಗಿನಲ್ಲಿ ಹೆಚ್ಚುಕಮ್ಮಿ ಯಾರೂ ಇರುತ್ತಿರಲಿಲ್ಲ! ಡೋರಿ ಅನ್ನುವ ಪುಟ್ಟ ದೋಣಿಗಳಲ್ಲಿ ಇಬ್ಬಿಬ್ಬರಾಗಿ ಕೂತು ಎಲ್ಲರೂ ಗಾಳ ಹಾಕೋಕೆ ಹೋಗಿರುತ್ತಿದ್ದರು. ಕ್ಯಾಪ್ಟನ್, ಅಡುಗೆಯವನು, ಜೊತೆಗೆ ಒಬ್ಬಿಬ್ಬರು ಇದ್ದರೆ ಹೆಚ್ಚು. ಅಷ್ಟು ಜನರೇ 143 ಅಡಿ ಹಡಗನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕಿತ್ತು. ನಡುಭಾಗ ನೀರಿಗೆ ಅಷ್ಟು ತಗ್ಗಾಗಿರೋದೂ ಡೋರಿಯಿಂದ ಮೀನು ಮೇಲಕ್ಕೆ ಎಸೆಯೋಕೆ ಅನುಕೂಲವಾಗಲಿ ಅಂತ.

ಇಷ್ಟೆಲ್ಲ ತಿಳಿದುಕೊಂಡು ಕೊನೆಯ ಪೊಟ್ಟಣ ಬಿಚ್ಚಿದರೆ ಒಳಗೆ ಎರಡೇ ಡೋರಿ. ಅದೂ ಸೀಸದಂಥ ಲೋಹದ ಗಟ್ಟಿ ಮುದ್ದೆ. ಒಳಗೆ ಟೊಳ್ಳೇ ಇಲ್ಲ, ಮೇಲ್ಗಡೆ ಕೂರುವ ಮಣೆ ಇದೆ ಅನ್ನೋ ಹಾಗೆ ಗೆರೆ ಕೊರೆದಿದ್ದಾರೆ ಅಷ್ಟೆ.

ಡೋರಿಯ ಜಾಣ್ಮೆ ಇರೋದೇ ಟೊಳ್ಳಿನಲ್ಲಿ ಅಲ್ವಾ? ತಳ ಚಪ್ಪಟೆ, ಪಕ್ಕಗಳು ಹೊರಕ್ಕೆ ಚಾಚಿರುತ್ತವೆ, ಮಣೆಗಳನ್ನು ತೆಗೆದಿಡಬಹುದು. ಹಾಗಾಗಿ ಡೆಕ್ ಮೇಲೆ ಒಂದರೊಳಗೊಂದು ಕೂರಿಸಿ ಅಟ್ಟಿ ಹಾಕುತ್ತಿದ್ದರು. ಈ ಮುದ್ದೆಯ ಒಳಗೆ ಇನ್ನೊಂದನ್ನು ಹೇಗೆ ಕೂರಿಸಲಿ? ಹಂಚಿಲ್ಲದೆ, ಖಲಾಸಿಯಿಲ್ಲದೆ ಮಂಗಳೂರಿನ ಮಂಜಿಯ (ಸರಕು ಸಾಗಿಸುವ ಹಾಯಿಹಡಗಿನ) ಮಾದರಿ ಮಾಡಿಟ್ಟ ಹಾಗಾಯಿತು. ಕಂಪನಿಗೆ ಬರೆದೆ. ‘ಇದು ರೇಸಿಂಗ್ ಅವತರಣಿಕೆ’ ಅಂತ ಒಂದು ಸಾಲಿನ ಉತ್ತರ ಬಂತು. ಜೊತೆಗೆ ಮರದ ಡೋರಿ ಸೆಟ್ ಬೇರೆಯಾಗಿ ಸಿಗುತ್ತದೆ ಅಂತ ಲಿಂಕು. ಇನ್ನೂ ನಲವತ್ತು ಡಾಲರ್!

ರೇಸಿಂಗ್ ಅನ್ನೋ ಮಾತೇ ನನಗೆ ಸಿಟ್ಟು ತರಿಸಿದ್ದು. ಬ್ಲೂನೋಸ್ ಗೆದ್ದ ಇಂಟರ್‌ನ್ಯಾಷನಲ್ ಫಿಶರ್‌ಮೆನ್ಸ್ ಟ್ರೋಫಿಗೆ ಒಂದು ಷರತ್ತಿತ್ತು. ಬರೀ ಓಟಕ್ಕೆ ಕಟ್ಟಿದ ದೋಣಿ ಬರುವಂತಿಲ್ಲ, ಮೊದಲು ಒಂದು ಹಂಗಾಮು ಮೀನು ಹಿಡಿದಿರಬೇಕು. 1920ರಲ್ಲಿ ಅಮೆರಿಕದ ಗ್ಲಾಸ್ಟರ್‌ನ ‘ಎಸ್ಪೆರಾಂಟೊ’ ಟ್ರೋಫಿ ಹೊಡೆದುಕೊಂಡು ಹೋದಮೇಲೆ ನೋವಾ ಸ್ಕೋಶಿಯಾದವರು ಹಟ ಹಿಡಿದು ಈ ಹಡಗು ಕಟ್ಟಿದರು. 1921ರ ಮಾರ್ಚ್ 26ಕ್ಕೆ ನೀರಿಗೆ ಇಳಿಸಿ, ಬೇಸಿಗೆಯೆಲ್ಲ ಮೀನು ಹಿಡಿದು, ಅಕ್ಟೋಬರ್‌ನಲ್ಲಿ ಕ್ಯಾಪ್ಟನ್ ಏಂಗಸ್ ವಾಲ್ಟರ್ಸ್ ಅಮೆರಿಕದ ‘ಎಲ್ಸಿ’ ಹಡಗನ್ನು ಸೋಲಿಸಿದ್ದು. ಡೋರಿ ಇಲ್ಲದೆ ಆ ರೇಸೇ ಇಲ್ಲ ಸ್ವಾಮಿ.

ಸಿಟ್ಟಿನಲ್ಲಿ ಕಿಟ್ ಮೂಲೆಗೆ ಸೇರಿತು. ಬೇಸಿಗೆಯಲ್ಲಿ ಲೂನೆನ್‌ಬರ್ಗ್‌ಗೆ ಹೋಗಿದ್ದಾಗ ಮೀನುಗಾರಿಕೆ ಮ್ಯೂಸಿಯಂನಲ್ಲಿ ‘ಥೆರೇಸಾ ಇ. ಕಾನರ್’ ಬಗ್ಗೆ ಓದಿದೆ. 1938ರ ಸ್ಕೂನರ್ ಅದು. 1963ರಲ್ಲಿ ಡೋರಿಗೆ ಜನ ಹುಡುಕಿಕೊಂಡು ನ್ಯೂಫೌಂಡ್‌ಲ್ಯಾಂಡ್‌ವರೆಗೂ ಹೋಗಿ, ಸಾಕಷ್ಟು ಜನ ಸಿಗದೆ ವಾಪಸ್ ಬಂತಂತೆ. ಅದೇ ವರ್ಷ ಅದೇ ಊರಲ್ಲಿ ಬ್ಲೂನೋಸ್ 2 ನೀರಿಗಿಳಿಯಿತು, ಮೀನು ಹಿಡಿಯೋಕಲ್ಲ, ನೋಡುವವರಿಗಾಗಿ. ಹಳೆಯ ಬ್ಲೂನೋಸ್ ಮಾರಾಟವಾಗಿ, ಸರಕು ಹೊತ್ತು, 1946ರಲ್ಲಿ ಹೇಟಿ ಹತ್ತಿರ ಬಂಡೆಗೆ ಬಡಿದು ಹೋಗಿತ್ತು.

ವಾಪಸ್ ಬಂದು ಡೋರಿ ನಾನೇ ಮಾಡಿದೆ. ನಿಜವಾದದ್ದು ಸುಮಾರು 18 ಅಡಿ, ಇಲ್ಲಿ ಎಂಟೂವರೆ ಸೆಂ.ಮೀ. ಕಿಟ್‌ನಲ್ಲೇ ಉಳಿದ ತೆಳು ಪಟ್ಟಿ ಸಾಕಾಯಿತು. ಆ ಲೋಹದ ಮುದ್ದೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಅದನ್ನೇ ಅಚ್ಚು ಮಾಡಿಕೊಂಡೆ, ಕೊಟ್ಟ ದುಡ್ಡಿಗೆ ಅಷ್ಟಾದರೂ ಉಪಯೋಗ. ಮಣೆಗಳನ್ನು ಅಂಟಿಸಿಲ್ಲ, ತೆಗೆಯಬಹುದು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಕೂತಾಗ ಡೆಕ್ ಭರ್ತಿಯಾಯಿತು. ಬಂದವರು ಮೊದಲು ಕೈ ಹಾಕೋದೇ ಅದಕ್ಕೆ. ಈಗ ಕಂಪನಿ ಮೇಲಿನ ಸಿಟ್ಟು ಸ್ವಲ್ಪ ಇಳಿದಿದೆ, ಅಂಕ ಮಾತ್ರ ಏರಿಸಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಹಗ್ಗದ ದಾರದಲ್ಲಿ ಎದ್ದ ಸಣ್ಣ ಎಳೆಗಳು ಜಾಸ್ತಿ, ಜೇನುಮೇಣದಲ್ಲಿ ಎಳೆದು ಬಳಸಿ. ಹಾಯಿ ಬಟ್ಟೆ ದಪ್ಪ, ಹಾಕದಿದ್ದರೂ ನಡೆಯುತ್ತದೆ. ನಕ್ಷೆ ತುಂಬಾ ಚೆನ್ನಾಗಿದೆ, ಅದಕ್ಕೆ ಪೂರ್ತಿ ಅಂಕ. ಆಫರ್‌ನಲ್ಲಿ 200 ಡಾಲರ್‌ಗೆ ಇಳಿದರೆ ಕಣ್ಣುಮುಚ್ಚಿ ತಗೊಳ್ಳಿ, ಪೂರ್ತಿ ಬೆಲೆ ಕೊಡಬೇಡಿ. ಊರಿಗೆ ಒಯ್ಯುವ ಯೋಚನೆ ಇದ್ದರೆ ಹಿಂದಿನ ದೊಡ್ಡ ಬೂಮ್ ಮರ (ಹಾಯಿಯ ತಳಕ್ಕೆ ಕಟ್ಟುವ ಉದ್ದನೆಯ ಮರ) ಅಂಟಿಸಬೇಡಿ. ನಿಜದಲ್ಲಿ 81 ಅಡಿ, ಮಾದರಿಯಲ್ಲಿ ಮೂವತ್ತೆಂಟೂವರೆ ಸೆಂ.ಮೀ., ಒಡಲಿನಿಂದ ಹೊರಗೆ ಚಾಚುತ್ತದೆ, ಸೂಟ್‌ಕೇಸ್‌ನಲ್ಲಿ ಮೊದಲು ಮುರಿಯೋದು ಅದೇ.