ಮುಖ್ಯ ಶಿಕ್ಷಕರ ಸಂವಾದ ತರಬೇತಿ: ವಿಧಾನ ಗಟ್ಟಿ, ಸಮಯ ಸಾಲದು

ಸರ್ಕಾರಿ ಶಾಲೆಗೆ ಇಂಗ್ಲಿಷ್ ಮಾಧ್ಯಮ ವಿಭಾಗ ಬೇಕೇ ಎಂಬ ಮಾತು ಬಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ) ಸಭೆ ಎರಡು ಬಣವಾಗುತ್ತದೆ. ಈ ಒಂದು ದಿನದ ತರಬೇತಿ ಅಂಥ ಪ್ರಶ್ನೆಗಳನ್ನೇ ನೇರವಾಗಿ ಕೈಗೆತ್ತಿಕೊಳ್ಳುತ್ತದೆ, ಅದಕ್ಕೇ ಮೆಚ್ಚಬೇಕು.

ಬಳಸುವುದು ಅಮೆರಿಕದ ಡೇವಿಡ್ ಮತ್ತು ರೋಜರ್ ಜಾನ್ಸನ್ ಸಹೋದರರು ರೂಪಿಸಿದ ವಿಧಾನ. ನಾಲ್ವರ ಗುಂಪಿನಲ್ಲಿ ಇಬ್ಬರು ಪರ, ಇಬ್ಬರು ವಿರುದ್ಧ. ಒಂದು ಜೋಡಿ ವಾದ ಮಂಡಿಸುವಾಗ ಇನ್ನೊಂದು ಜೋಡಿ ನಡುವೆ ಬಾಯಿ ಹಾಕದೆ ಬರೆದುಕೊಳ್ಳಬೇಕು. ನಂತರ ಪಕ್ಷ ಅದಲುಬದಲು. ಕೊನೆಗೆ ಪಕ್ಷ ಬಿಟ್ಟು, ನಾಲ್ವರೂ ಒಪ್ಪುವ ಹೇಳಿಕೆ ಬರೆಯಬೇಕು.

ಇದರ ಜೀವಾಳ ಆ ಅದಲುಬದಲು. ಊಟದ ಹೊತ್ತಾಯಿತೆಂದು ಅದನ್ನೇ ಐದು ನಿಮಿಷಕ್ಕೆ ಮುಗಿಸಿದರೆ ಉಳಿಯುವುದು ಬರೀ ಚರ್ಚಾಸ್ಪರ್ಧೆ. ಕನಿಷ್ಠ ಇಪ್ಪತ್ತು ನಿಮಿಷ ಬೇಕೇ ಬೇಕು.

ಓದಲು ಕೊಡುವ ಹಾಳೆಗಳೂ ತೆಳು. ಪ್ರಾಥಮಿಕ ಶಾಲೆಗಳ ಮೇಲೆ ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದ ಸುಪ್ರೀಂ ಕೋರ್ಟ್‌ನ 2014ರ ತೀರ್ಪಿನ ಸಾರವೇ ಇಲ್ಲ. ಅದಿಲ್ಲದೆ ಮಾತು ಊಹೆಯ ಮೇಲೆ ಓಡುತ್ತದೆ.

ಇನ್ನೊಂದು: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅದೇ ಕೋಣೆಯಲ್ಲಿದ್ದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಅವರನ್ನು ಕೊನೆಯ ಹಂತಕ್ಕಷ್ಟೇ ಕರೆಯಿರಿ. ಈ ಬದಲಾವಣೆಗಳಿಗೆ ಒಪ್ಪುವುದಾದರೆ ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು) ಮಟ್ಟದಲ್ಲಿ ಧಾರಾಳವಾಗಿ ಏರ್ಪಡಿಸಬಹುದು.