ಬದಲಿ ಫ್ಯೂಯೆಲ್ ಸೆನ್ಸರ್: ಒಳಗಿನ ಪಟ್ಟಿ ಚೆನ್ನ, ರಬ್ಬರ್ ರಿಂಗ್ ಕಳಪೆ

ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದಾಗಲೇ ನನ್ನ ಬೈಕಿನ ಮೀಟರಿನ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದು, ಸ್ವಲ್ಪ ದೂರ ಸಾಗಿದ ಮೇಲೆ ತಾನಾಗಿಯೇ ಏಳುತ್ತಿತ್ತು. ಕೆಟ್ಟಿರುವುದು ಮೀಟರೋ, ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಸೆನ್ಸರೋ ಎಂದು ತಿಳಿಯದೆ ಬಿಡಿಭಾಗ ಕೊಳ್ಳಲು ಮನಸ್ಸಾಗದೆ, ಮೊದಲು ಟ್ಯಾಂಕಿನ ಕೆಳಗಿನ ಕನೆಕ್ಟರ್ ಬಿಚ್ಚಿದೆ. ಮುಳ್ಳು ಖಾಲಿಯ ಕಡೆಗೆ ಇಳಿಯಿತು. ಮೀಟರಿನ ಕಡೆಯ ಎರಡು ತಂತಿಗಳನ್ನು ಕ್ಷಣಕಾಲ ಜೋಡಿಸಿದಾಗ ಪೂರ್ತಿ ಮೇಲೇರಿತು. ಅಲ್ಲಿಗೆ ಮೀಟರ್ ಸರಿಯಿದೆ, ದೋಷ ಟ್ಯಾಂಕಿನೊಳಗಿದೆ ಎಂಬುದು ಖಚಿತವಾಯಿತು. ಡಿಜಿಟಲ್ ಮೀಟರಿನ ಬೈಕುಗಳಲ್ಲಿ ಸರ್ವಿಸ್ ಮ್ಯಾನ್ಯುಯಲ್ ನೋಡದೆ ಹೀಗೆ ತಂತಿ ಜೋಡಿಸುವುದು ಸರಿಯಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಗಾಳಿಯಾಡುವ ಜಾಗದಲ್ಲಿ ಪೆಟ್ರೋಲ್ ಬಸಿದು, ಸೆನ್ಸರನ್ನು ಹೊರತೆಗೆದು ಮಲ್ಟಿಮೀಟರಿಗೆ ಹಚ್ಚಿ ಫ್ಲೋಟಿನ (ಪೆಟ್ರೋಲಿನ ಮೇಲೆ ತೇಲುವ ಭಾಗದ) ಕಡ್ಡಿಯನ್ನು ನಿಧಾನವಾಗಿ ಎತ್ತಿದರೆ, ವಿದ್ಯುತ್ ತಡೆಯ ಅಳತೆಯಾಗಿ ಏರಿಳಿಯಬೇಕಾದ ಓಮ್‌ಗಳು ನಟ್ಟನಡುವೆ ಮಾಯವಾಗುತ್ತಿದ್ದವು. ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಉಜ್ಜಿಕೊಂಡು ಓಡಾಡುವ ಪುಟ್ಟ ಲೋಹದ ಬೆರಳು ಆ ಭಾಗದಲ್ಲೇ ಪಟ್ಟಿಯನ್ನು ಸವೆಸಿತ್ತು. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ ಕೂರಿಸಿದ್ದು ಎರಡೇ ವಾರ ಬಾಳಿತು. ಕೊಳೆ ಹೋಗುತ್ತದೆ, ಸವೆದ ಪಟ್ಟಿ ಮರಳಿ ಬೆಳೆಯುವುದಿಲ್ಲ.

ಆಮೇಲೆ ತರಿಸಿದ್ದೇ ಈ ಬದಲಿ ಸೆನ್ಸರ್; ಬೈಕ್ ಕಂಪನಿಯದ್ದಲ್ಲ. ಪೊಟ್ಟಣದಿಂದ ತೆಗೆದ ಕೂಡಲೇ ಅಳೆದು ನೋಡಿದೆ: ಫ್ಲೋಟ್ ಮೇಲಿದ್ದಾಗ ಸುಮಾರು 8 ಓಮ್, ಕೆಳಗಿದ್ದಾಗ ಸುಮಾರು 95 ಓಮ್, ನಡುವೆ ಎಲ್ಲಿಯೂ ಜಿಗಿತವಿಲ್ಲ. ನನ್ನ ಬೈಕಿಗೆ ಇದು ಹೊಂದುತ್ತದೆ; ಆದರೆ ಕೆಲವು ತಯಾರಕರಲ್ಲಿ ಈ ಅಂಕಿಗಳು ತಿರುವುಮುರುವಾಗಿರುವುದರಿಂದ, ಕನೆಕ್ಟರ್ ಕೂತಿತೆಂಬ ಒಂದೇ ಕಾರಣಕ್ಕೆ ಸೆನ್ಸರ್ ಸರಿಯಾದದ್ದೆಂದು ನಂಬಬಾರದು.

ತಕರಾರು ಇರುವುದು ಕಡ್ಡಿಯ ಬಾಗಿನಲ್ಲಿ. ಕಡ್ಡಿ ತನ್ನ ಕೊನೆಯ ಮಟ್ಟ ಮುಟ್ಟುವ ಮೊದಲೇ ಫ್ಲೋಟ್ ಟ್ಯಾಂಕಿನ ತಳಕ್ಕೆ ತಾಗುತ್ತಿದ್ದುದರಿಂದ, ಟ್ಯಾಂಕ್ ಬರಿದಾದರೂ ಮುಳ್ಳು ಒಂದಿಷ್ಟು ಪೆಟ್ರೋಲ್ ಉಳಿದಿದೆಯೆಂದೇ ಹೇಳುತ್ತಿತ್ತು. ಸೆನ್ಸರ್ ಮಾಡಬಾರದ ತಪ್ಪೆಂದರೆ ಇದೇ; ಇದ್ದದ್ದನ್ನು ಇಲ್ಲವೆಂದರೆ ಸಹಿಸಬಹುದು, ಇಲ್ಲದ್ದನ್ನು ಇದೆಯೆಂದರೆ ಬೈಕ್ ತಳ್ಳಬೇಕಾಗುತ್ತದೆ. ಎರಡು ಇಕ್ಕಳಗಳಲ್ಲಿ ಹಿಡಿದು, ಪಟ್ಟಿಯ ಮೇಲೆ ಭಾರ ಬೀಳದಂತೆ ಕಡ್ಡಿಯನ್ನು ತುಸುವೇ ಮೇಲಕ್ಕೆ ಬಾಗಿಸಿದ ಮೇಲೆ ಖಾಲಿಯ ಗುರುತು ಸರಿಹೋಯಿತು. ಪೂರ್ತಿ ತುಂಬಿಸಿದಾಗ ಮುಳ್ಳು ಈಗ ಕೊನೆಯ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ, ಅದು ನನಗೆ ಒಪ್ಪಿಗೆ.

ಜೊತೆಗೆ ಬಂದ ರಬ್ಬರ್ ರಿಂಗಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ: ಟ್ಯಾಂಕ್ ತುಂಬಿಸಿದ ರಾತ್ರಿಯೇ ಅಂಚಿನಲ್ಲಿ ಪೆಟ್ರೋಲ್ ಒಸರಿತು, ಬೈಕ್ ಕಂಪನಿಯ ರಿಂಗ್ ಹಾಕಿದ ಮೇಲೆ ನಿಂತಿತು. ಮಲ್ಟಿಮೀಟರ್ ಹಿಡಿಯಬಲ್ಲವರು ಈ ಸೆನ್ಸರನ್ನು ಕೊಳ್ಳಬಹುದು, ಆದರೆ ರಿಂಗನ್ನು ಬೇರೆಯಾಗಿಯೇ ತರಿಸಿಕೊಳ್ಳಬೇಕು. ನೇರವಾಗಿ ಜೋಡಿಸಿ ಮರೆತುಬಿಡುವ ಇರಾದೆಯವರಿಗೆ ಇದನ್ನು ಶಿಫಾರಸು ಮಾಡಲಾರೆ.