ಬೆಲ್ಟಿನ ಕಿರುಚಾಟ, ಎಂಜಿನ್ನಿನ ಬಿಸಿ: ಹಳೆಯ ಕಾರಿನಲ್ಲಿ ಒಂದು ವರ್ಷ ಬಳಸಿದ ಕೂಲಿಂಗ್ ಪ್ರೆಷರ್ ಟೆಸ್ಟರ್

ರೇಡಿಯೇಟರಿನ ಮುಚ್ಚಳ ತೆಗೆದು ಆ ಜಾಗದಲ್ಲಿ ಕೂರಿಸಿ, ಸೈಕಲ್ಲಿಗೆ ಗಾಳಿ ಹೊಡೆಯುವಂತೆ ಕೈಯಿಂದ ಒತ್ತಡ ತುಂಬುವ, ತುದಿಯಲ್ಲಿ ಗೇಜ್ ಇರುವ, ಕೂಲಿಂಗ್ ವ್ಯವಸ್ಥೆಯ ಸೋರಿಕೆ ಹುಡುಕುವ ಒಂದು ಸಾಧಾರಣ ಪ್ರೆಷರ್ ಟೆಸ್ಟರನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಕೊಂಡು ಒಂದು ವರ್ಷವಾಯಿತು. ಕೊಳ್ಳುವುದಕ್ಕೆ ಮೊದಲಿನ ಎಂಟು ತಿಂಗಳಲ್ಲಿ ನನ್ನ 19 ವರ್ಷ ಹಳೆಯ ಪೆಟ್ರೋಲ್ ಕಾರಿಗೆ ಎರಡು ಸಲ ಡ್ರೈವ್ ಬೆಲ್ಟ್ ಬದಲಾಗಿತ್ತು, ಒಂದು ಸಲ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು, ತಂಪುಗೊಳಿಸುವ ದ್ರವವಾದ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ಬದಲಾಗಿತ್ತು. ಆದರೂ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಕಿರುಚುವುದು ನಿಂತಿರಲಿಲ್ಲ. ದಿಬ್ಬ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುವುದೂ ತಪ್ಪಿರಲಿಲ್ಲ. ಕೊನೆಗೆ ಈ ಉಪಕರಣದಿಂದ ಕಾರಣ ಸಿಕ್ಕಿದ್ದು ಅರ್ಧ ಗಂಟೆಯಲ್ಲಿ. ಹಾಗೆಂದು ಇದರಲ್ಲಿ ಕೊರತೆಗಳಿಲ್ಲವೆಂದಲ್ಲ, ಅವನ್ನೂ ಹೇಳುತ್ತೇನೆ.

ನಾನು ಕಾರು ಬಿಡುತ್ತಿದ್ದ ಗ್ಯಾರೇಜಿನಲ್ಲಿ ಈ ಎರಡು ದೂರುಗಳನ್ನೂ ಪ್ರತಿ ಸಲ ಬೇರೆ ಬೇರೆಯಾಗಿಯೇ ಬರೆದುಕೊಳ್ಳುತ್ತಿದ್ದರು: ಬೆಲ್ಟಿನ ಸದ್ದು ಒಂದು, ಎಂಜಿನ್ ಬಿಸಿಯಾಗುವುದು ಇನ್ನೊಂದು. ಆದರೆ ನನ್ನ ಕಾರಿನಲ್ಲಿ ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಪಂಪ್, ಎ.ಸಿ. ಕಂಪ್ರೆಸರ್ ಮತ್ತು ವಾಟರ್ ಪಂಪ್ ನಾಲ್ಕನ್ನೂ ತಿರುಗಿಸುವುದು ಉದ್ದುದ್ದ ಗೆರೆಗಳಿರುವ ಒಂದೇ ಚಪ್ಪಟೆ ಬೆಲ್ಟ್. ಬೆಲ್ಟ್ ಜಾರಿದರೆ ವಾಟರ್ ಪಂಪ್ ನಿಧಾನವಾಗುತ್ತದೆ, ಪಂಪ್ ನಿಧಾನವಾದರೆ ಎಂಜಿನ್ನಿನ ಬಿಸಿ ರೇಡಿಯೇಟರಿಗೆ ತಲುಪುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಪಂಪ್ ಸೋರಿದರೆ ಕೂಲೆಂಟ್ ಕಡಿಮೆಯಾಗುವುದಷ್ಟೇ ಅಲ್ಲ, ಸೋರಿದ ಹನಿ ಬೆಲ್ಟಿನ ಮೇಲೆ ಬಿದ್ದು ಅದನ್ನೂ ಜಾರಿಸುತ್ತದೆ. ವಾಟರ್ ಪಂಪನ್ನು ಈ ಬೆಲ್ಟಿನ ಬದಲು ಎಂಜಿನ್ನಿನ ಕವಾಟಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ತಿರುಗಿಸುವ ಎಂಜಿನ್‌ಗಳಲ್ಲಿ ಈ ನಂಟು ಹೀಗೆ ಇರುವುದಿಲ್ಲ. ಆದ್ದರಿಂದ ಹುಡುಕಾಟಕ್ಕೆ ಕೈ ಹಾಕುವ ಮೊದಲು ನಿಮ್ಮ ಕಾರಿನಲ್ಲಿ ಯಾವ ಬೆಲ್ಟ್ ಯಾವುದನ್ನು ತಿರುಗಿಸುತ್ತದೆ ಎಂದು ನೋಡಿಕೊಳ್ಳುವುದು ಅಗತ್ಯ.

ಉಪಕರಣ ಕೈಗೆ ಬರುವ ಮುಂಚೆ ನಾನು ಕಿವಿಯನ್ನೇ ನಂಬಿದ್ದೆ. ಬೆಲ್ಟಿನ ಸದ್ದಿನಲ್ಲಿ ಎರಡು ಬಗೆಗಳಿವೆ. ಪುಲ್ಲಿಗಳು, ಅಂದರೆ ಬೆಲ್ಟ್ ಸುತ್ತುವ ಗಾಲಿಗಳು, ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಹಕ್ಕಿ ಚಿಲಿಪಿಲಿಗುಟ್ಟಿದಂತೆ ಬಿಟ್ಟು ಬಿಟ್ಟು ಬರುವ ಸದ್ದು ಕೇಳುತ್ತದೆ. ಬೆಲ್ಟ್ ಜಾರುತ್ತಿದ್ದರೆ ಎಳೆದೆಳೆದು ಕಿರುಚುವ ಸದ್ದು ಬರುತ್ತದೆ, ಹೆಡ್‌ಲೈಟ್ ಹಾಕಿದಾಗ, ಎ.ಸಿ. ಹಾಕಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅದು ಜಾಸ್ತಿಯಾಗುತ್ತದೆ. ಎರಡನ್ನೂ ಬೇರ್ಪಡಿಸಲು ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಗೆರೆಯಿರುವ ಬದಿಗೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಿ ನೋಡುತ್ತಾರೆ. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ, ಸದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ. ನನ್ನ ಕಾರಿನಲ್ಲಿ ಜೋರಾಯಿತು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಮೇಲೆ ಸಹಜವಾಗಿಯೇ ಅನುಮಾನ ಬಂತು; ಆದರೆ ಅದರ ತೋಳು ಗುರುತಿನ ಗೆರೆಗಳ ನಡುವೆಯೇ ಇತ್ತು, ಐಡಲಿಂಗಿನಲ್ಲಿ ನಡುಗುತ್ತಲೂ ಇರಲಿಲ್ಲ. ಬೆಲ್ಟ್ ಹೊಸದು, ಟೆನ್ಷನರ್ ಸರಿಯಾಗಿದೆ, ಹಾಗಾದರೆ ಜಾರುವುದು ಏಕೆ ಎಂಬ ಪ್ರಶ್ನೆಗೆ ಗ್ಯಾರೇಜಿನಲ್ಲಿ ಸಿಕ್ಕ ಉತ್ತರ ಇನ್ನೊಂದು ಬೆಲ್ಟ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಬಿಚ್ಚಿದ ಬೆಲ್ಟನ್ನು ಕಣ್ಣಿನಿಂದ ನೋಡಿ ತೀರ್ಪು ಕೊಡುವ ಅಭ್ಯಾಸದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಿಂದಿನ ನಿಯೋಪ್ರೀನ್ ಬೆಲ್ಟ್‌ಗಳು ಹಳತಾದಂತೆ ಅಡ್ಡಡ್ಡ ಬಿರುಕು ಬಿಡುತ್ತಿದ್ದವು, ಬಿರುಕು ಎಣಿಸಿದರೆ ಸಾಕಿತ್ತು. ಈಗ ಬರುವ ಇಪಿಡಿಎಂ ರಬ್ಬರಿನ ಬೆಲ್ಟ್‌ಗಳು ಅಷ್ಟು ಸುಲಭವಾಗಿ ಬಿರುಕು ಬಿಡುವುದಿಲ್ಲ. ಟೈರಿನಂತೆ ನಿಧಾನವಾಗಿ ಸವೆಯುತ್ತವೆ, ಗೆರೆಗಳ ನಡುವಿನ ಕಣಿವೆ ಅಗಲವಾಗುತ್ತದೆ, ಬೆಲ್ಟ್ ಪುಲ್ಲಿಯೊಳಕ್ಕೆ ಇಳಿದು ಕೂತು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಬಿರುಕಿಲ್ಲ ಎಂಬ ಒಂದೇ ಕಾರಣಕ್ಕೆ ಬೆಲ್ಟ್ ಚೆನ್ನಾಗಿದೆ ಎನ್ನಲಾಗದು. ನನ್ನ ಮೊದಲ ಬೆಲ್ಟ್ ಸವೆದೂ ಇರಲಿಲ್ಲ. ಅದರ ಗೆರೆಗಳ ಸಂದಿಯಲ್ಲಿ ತಿಳಿ ಗುಲಾಬಿ ಬಣ್ಣದ ಹಿಟ್ಟಿನಂಥ ಪುಡಿ ಅಂಟಿತ್ತು. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ರಬ್ಬರಿನ ಪುಡಿ ಗುಲಾಬಿ ಬಣ್ಣದ್ದಿರುವುದಿಲ್ಲ, ನನ್ನ ಕಾರಿನ ಕೂಲೆಂಟ್ ಗುಲಾಬಿ ಬಣ್ಣದ್ದು. ಅಂದು ಅದನ್ನು ನೋಡಿಯೂ ಅರ್ಥ ಮಾಡಿಕೊಳ್ಳಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಈಗ ಉಪಕರಣಕ್ಕೆ ಬರುತ್ತೇನೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೈಪಂಪು, ಒಂದು ಮೊಳ ಉದ್ದದ ಹೋಸ್, ಒತ್ತಡ ಬಿಡುವ ಗುಂಡಿ, 0ರಿಂದ 2.5 ಬಾರ್‌ವರೆಗಿನ ಗೇಜ್, ಬೇರೆ ಬೇರೆ ಕಾರುಗಳ ರೇಡಿಯೇಟರ್ ಬಾಯಿಗೆ ಹೊಂದುವ ಹಲವು ಅಡಾಪ್ಟರ್‌ಗಳು, ಜೊತೆಗೆ ಮುಚ್ಚಳವನ್ನೇ ಪರೀಕ್ಷಿಸುವ ಒಂದು ತುಂಡು ಇವೆ. ಕೆಲಸ ಮಾಡುವ ಕ್ರಮ ಸರಳ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ: ಬಿಸಿ ಎಂಜಿನ್ನಿನ ಮುಚ್ಚಳ ತೆರೆದರೆ ಒತ್ತಡ ತಪ್ಪಿದ ಕೂಲೆಂಟ್ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾದ ಮೇಲೆ ಕೂಲೆಂಟ್ ಬಾಯಿಮಟ್ಟ ತುಂಬಿಸಿ, ಅಡಾಪ್ಟರ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದವರೆಗೆ ಮಾತ್ರ ಗಾಳಿ ತುಂಬಬೇಕು. ನನ್ನ ಕಾರಿಗೆ ಅದು 1.1 ಬಾರ್, ಅಂದರೆ ಸುಮಾರು 16 ಪಿಎಸ್ಐ. ಅದಕ್ಕಿಂತ ಹೆಚ್ಚು ಒತ್ತಿದರೆ ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಬಿರಿಯಬಹುದು, ಹೀಟರಿನ ಒಳಗಿನ ಜೋಡಣೆ ಕಳಚಬಹುದು. ಬಳಿಕ ಕಾಲು ಗಂಟೆ ಮುಳ್ಳನ್ನು ಗಮನಿಸಬೇಕು. ಮುಳ್ಳು ಅಲುಗದಿದ್ದರೆ ತಣ್ಣಗಿರುವಾಗ ಸೋರಿಕೆಯಿಲ್ಲ, ಇಳಿದರೆ ಎಲ್ಲೋ ಸೋರುತ್ತಿದೆ.

ಮೊದಲ ಪ್ರಯತ್ನದಲ್ಲಿ ಮುಳ್ಳು ಎರಡೇ ನಿಮಿಷದಲ್ಲಿ ಅರ್ಧಕ್ಕಿಳಿಯಿತು. ದೊಡ್ಡ ಸೋರಿಕೆಯೇ ಇರಬೇಕೆಂದುಕೊಂಡು ಹುಡುಕಿದರೆ ಕೇಳಿದ್ದು ಹೋಸ್ ಮತ್ತು ಅಡಾಪ್ಟರ್ ಸೇರುವ ಕಡೆಯ ಸಣ್ಣ ಬುಸ್ ಸದ್ದು. ಸೋರುತ್ತಿದ್ದದ್ದು ಉಪಕರಣವೇ! ಆ ಜೋಡಣೆಯೊಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ ತೀರಾ ತೆಳ್ಳಗಿದ್ದು ಒಣಗಿದಂತಿತ್ತು. ಸಿಲಿಕೋನ್ ಗ್ರೀಸ್ ಸವರಿ ಮತ್ತೆ ಕೂರಿಸಿದ ಮೇಲೆ ನಿಂತಿತು. ಸೋರಿಕೆ ಹುಡುಕಲೆಂದು ಕೊಳ್ಳುವ ವಸ್ತುವಿನಲ್ಲಿ ಇದು ಸಣ್ಣ ದೋಷವಲ್ಲ. ಇದನ್ನು ನೋಡಿ ಹೆದರಿ ಯಾರಾದರೂ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲು) ಬಿಚ್ಚಿಸಲು ಹೊರಟರೆ ತಯಾರಕರು ಏನು ಹೇಳುತ್ತಾರೆ? ಕೈಪಿಡಿಯಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ. ಕೊಂಡವರು ಮೊದಲು ಒಂದು ಹೊಸ ಮುಚ್ಚಳವನ್ನು ಮುಚ್ಚಳ ಪರೀಕ್ಷೆಯ ತುಂಡಿಗೆ ಸಿಕ್ಕಿಸಿ, ಮುಚ್ಚಳ ತೆರೆದುಕೊಳ್ಳುವ ಒತ್ತಡಕ್ಕಿಂತ ತುಸು ಕೆಳಗೆ ನಿಲ್ಲಿಸಿ, ಉಪಕರಣವೇ ಗಾಳಿ ಹಿಡಿದಿಡುತ್ತದೆಯೇ ಎಂದು ನೋಡಿಕೊಳ್ಳಬೇಕು.

ಎರಡನೆಯ ಸಲ ಮುಳ್ಳು ನಿಧಾನವಾಗಿ ಇಳಿಯಿತು. ಕಾಲು ಗಂಟೆಯಲ್ಲಿ 1.1ರಿಂದ 0.85ಕ್ಕೆ. ನೆಲ ಒಣಗಿಯೇ ಇತ್ತು, ಹೋಸ್‌ಗಳ ಕ್ಲಿಪ್ಪುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರೆ ಎಲ್ಲಿಯೂ ತೇವವಿರಲಿಲ್ಲ. ಕೊನೆಗೆ ಟಾರ್ಚ್ ಹಿಡಿದು, ಕೋಲಿನ ತುದಿಗೆ ಕಟ್ಟಿದ ಸಣ್ಣ ಕನ್ನಡಿಯನ್ನು ವಾಟರ್ ಪಂಪಿನ ಕೆಳಗೆ ತೂರಿಸಿದೆ. ಪಂಪಿನ ಮೈಯಲ್ಲಿ ಸೀಲಿಗೂ ಬೇರಿಂಗಿಗೂ ನಡುವೆ ಒಂದು ಪುಟ್ಟ ರಂಧ್ರವಿರುತ್ತದೆ. ಮೆಕ್ಯಾನಿಕ್‌ಗಳು ವೀಪ್ ಹೋಲ್ ಎನ್ನುವುದು ಇದಕ್ಕೆ. ಸೀಲು ಸೋತಾಗ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಹೋಗಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಕನ್ನಡಿಯಲ್ಲಿ ಆ ರಂಧ್ರದ ಸುತ್ತ ಗುಲಾಬಿ ಹೆಪ್ಪು, ಹೆಪ್ಪಿನ ತುದಿಯಲ್ಲಿ ತೂಗುತ್ತಿದ್ದ ಒಂದು ಹನಿ ಕಂಡಿತು. ನಾನು ನೋಡುತ್ತಿದ್ದಂತೆಯೇ ಅದು ಕಳಚಿ, ಸರಿಯಾಗಿ ಕೆಳಗಿದ್ದ ಬೆಲ್ಟಿನ ಮೇಲೆ ಬಿತ್ತು.

ಎಂಟು ತಿಂಗಳು ಯಾರ ಕಣ್ಣಿಗೂ ಬೀಳದ್ದು ಏಕೆಂಬುದೂ ಆಗ ತಿಳಿಯಿತು. ಎಂಜಿನ್ ಓಡುವಾಗ ಬೆಲ್ಟ್ ಆ ಹನಿಯನ್ನು ಸುತ್ತಲೂ ಎರಚಿಬಿಡುತ್ತದೆ, ಬಿಸಿಗೆ ನೀರು ಆರಿ ಪುಡಿ ಮಾತ್ರ ಉಳಿಯುತ್ತದೆ, ನೆಲಕ್ಕೆ ಏನೂ ಬೀಳುವುದಿಲ್ಲ. ರಾತ್ರಿ ನಿಲ್ಲಿಸಿದ ಮೇಲೆ ಒಂದೆರಡು ಹನಿ ಬೆಲ್ಟಿನ ಒಂದೇ ಜಾಗದಲ್ಲಿ ಕೂತಿದ್ದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ಜಾಗ ಪುಲ್ಲಿಯ ಮೇಲೆ ಜಾರಿ ಕಿರುಚುತ್ತಿತ್ತು, ಎರಡು ನಿಮಿಷದಲ್ಲಿ ಒಣಗಿ ಸುಮ್ಮನಾಗುತ್ತಿತ್ತು. ಇಪಿಡಿಎಂ ರಬ್ಬರಿಗೆ ಎಣ್ಣೆ ತಗುಲಿದರೆ ಊದಿಕೊಂಡು ಹಾಳಾಗುತ್ತದೆ, ಕೂಲೆಂಟಿನಿಂದ ಅಷ್ಟು ಕೆಡುವುದಿಲ್ಲ. ಹಾಗಾಗಿ ಬೆಲ್ಟ್ ನೋಡಲು ಚೆನ್ನಾಗಿಯೇ ಇತ್ತು, ಹಿಡಿತ ಮಾತ್ರ ಇರಲಿಲ್ಲ. ಸದ್ದು ಅಡಗಿಸಲು ಬೆಲ್ಟಿಗೆ ಹೊಡೆಯುವ ಸ್ಪ್ರೇಯನ್ನೂ ಒಮ್ಮೆ ಹಾಕಿಸಿದ್ದೆ. ನಾಲ್ಕು ದಿನದ ಮೌನ ಸಿಕ್ಕಿತು, ಆಮೇಲೆ ಅದರ ಅಂಟಿಗೆ ಧೂಳು ಮೆತ್ತಿಕೊಂಡಿತು. ಅದನ್ನು ಬಳಸಿರೆಂದು ಯಾರಿಗೂ ಹೇಳಲಾರೆ.

ಮುಚ್ಚಳ ಪರೀಕ್ಷಿಸುವ ತುಂಡು ಕೊಟ್ಟ ಉಪಕಾರ ನಾನು ನಿರೀಕ್ಷಿಸಿದ್ದಕ್ಕಿಂತ ದೊಡ್ಡದು. 1.1 ಬಾರ್ ಹಿಡಿಯಬೇಕಾದ ನನ್ನ ಮುಚ್ಚಳ 0.6ಕ್ಕೇ ಗಾಳಿ ಬಿಡುತ್ತಿತ್ತು. ಬರಿಯ ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿದರೆ ಮೇಲೆ 1 ಬಾರ್ ಒತ್ತಡವಿದ್ದಾಗ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಕೂಲೆಂಟ್ ಬೆರೆಸಿದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಮುಚ್ಚಳ ಸೋತರೆ ಈ ಅಂತರ ಕುಗ್ಗುತ್ತದೆ, ದಿಬ್ಬ ಹತ್ತುವಾಗ ಎಂಜಿನ್ನಿನ ಬಿಸಿ ಜಾಗಗಳಲ್ಲಿ ಕೂಲೆಂಟ್ ಕುದಿಯಲಾರಂಭಿಸಿ ರಿಸರ್ವ್ ಟ್ಯಾಂಕಿನಿಂದ ಹೊರಚೆಲ್ಲುತ್ತದೆ. ಹೀಗೆ ಪಂಪಿನ ಸೋರಿಕೆಯಿಂದ ಕಡಿಮೆಯಾದ ಕೂಲೆಂಟ್, ಸೋತ ಮುಚ್ಚಳದಿಂದ ಕಡಿಮೆಯಾದ ಒತ್ತಡ ಎರಡೂ ಸೇರಿ ಟೆಂಪರೇಚರ್ ಮುಳ್ಳನ್ನು ಮೇಲೇರಿಸುತ್ತಿದ್ದವು. ಇಡೀ ಕೂಲಿಂಗ್ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಭಾಗವನ್ನು ಯಾರೂ ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಈ ಟೆಸ್ಟರ್ ಹೇಳಲಾರದ ಸಂಗತಿಗಳೂ ಬಹಳ ಇವೆ, ಕೊಳ್ಳುವವರು ಅವನ್ನು ಮೊದಲೇ ತಿಳಿದಿರಬೇಕು. ಥರ್ಮೋಸ್ಟಾಟ್ ತೆರೆಯುತ್ತದೋ ಇಲ್ಲವೋ, ರೇಡಿಯೇಟರಿನ ಕೊಳವೆಗಳಲ್ಲಿ ಕೊಳೆ ಕಟ್ಟಿದೆಯೋ, ಫ್ಯಾನ್ ಸಮಯಕ್ಕೆ ತಿರುಗುತ್ತದೋ, ಪಂಪಿನ ಒಳಗಿನ ರೆಕ್ಕೆಗಳು ಸವೆದಿವೆಯೋ ಎಂಬುದನ್ನು ಒತ್ತಡ ತೋರಿಸುವುದಿಲ್ಲ. ಅದಕ್ಕೆ ಕಾರು ಯಾವಾಗ ಬಿಸಿಯಾಗುತ್ತದೆ ಎಂಬುದೇ ಒಳ್ಳೆಯ ಸುಳಿವು: ನಿಂತಲ್ಲಿ ಬಿಸಿಯಾಗಿ ಓಡುವಾಗ ತಣ್ಣಗಾದರೆ ಫ್ಯಾನ್, ಅದರ ರಿಲೇ ಅಥವಾ ಸ್ವಿಚ್ ನೋಡಬೇಕು, ವೇಗದಲ್ಲಿಯೇ ಬಿಸಿಯಾದರೆ ರೇಡಿಯೇಟರ್ ಅಥವಾ ಕೂಲೆಂಟ್ ಹರಿವಿನ ಕಡೆ ನೋಡಬೇಕು. ಹೊರಗೆಲ್ಲಿಯೂ ತೇವವಿಲ್ಲದೆ ಮುಳ್ಳು ಇಳಿಯುತ್ತಲೇ ಇದ್ದರೆ ಹೀಟರ್ ಇರುವ ಕಡೆಯ ಕಾರ್ಪೆಟ್ ಮುಟ್ಟಿ ನೋಡಬೇಕು, ಅದೂ ಒಣಗಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಯೋಚಿಸಬೇಕು. ಅದನ್ನು ಖಚಿತಪಡಿಸಲು ಬೇರೆಯೇ ಪರೀಕ್ಷೆಯಿದೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ ಎಂಜಿನ್ನಿನ ಹೊಗೆಯ ಅನಿಲ ಅದರಲ್ಲಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಬಿರುಕುಗಳು ತಣ್ಣಗಿನ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದೆಂಬುದೂ ನೆನಪಿರಲಿ.

ಉಳಿದ ಕೊರತೆಗಳು ಚಿಕ್ಕವು. ಗೇಜಿನ ಗೆರೆಗಳು 0.1 ಬಾರ್‌ಗೆ ಒಂದರಂತಿರುವುದರಿಂದ ಸಣ್ಣ ಇಳಿತ ಗೊತ್ತಾಗುವುದು ಕಷ್ಟ. ನಾನು ಆರಂಭದ ಸ್ಥಾನದಲ್ಲಿ ಗಾಜಿನ ಮೇಲೆ ಪೆನ್ನಿನಿಂದ ಗುರುತು ಹಾಕುತ್ತೇನೆ. ನನ್ನ ಕಾರಿನ ಅಡಾಪ್ಟರ್ ಬಿಗಿಯಾಗಿದ್ದು ಕೂರಿಸಲು ಬಲ ಬೇಕು. ಯಾವ ಅಡಾಪ್ಟರ್ ಯಾವ ಕಾರಿಗೆಂಬ ಪಟ್ಟಿ ಅಸ್ಪಷ್ಟ.

ಹೊಸ ಪಂಪ್, ಹೊಸ ಮುಚ್ಚಳ ಹಾಕಿಸಿದೆ. ಬೆಲ್ಟ್ ಬಿಚ್ಚಿದ್ದಾಗಲೇ ಎಲ್ಲ ಪುಲ್ಲಿಗಳನ್ನೂ ಕೈಯಿಂದ ತಿರುಗಿಸಿ ನೋಡಿದೆವು. ಬೆಲ್ಟಿಗೆ ದಾರಿ ತೋರಿಸಲಷ್ಟೇ ಇರುವ ಐಡ್ಲರ್ ಪುಲ್ಲಿಯ ಬೇರಿಂಗ್ ಗರಗರ ಎನ್ನುತ್ತಿದ್ದುದರಿಂದ ಅದನ್ನೂ ಬದಲಾಯಿಸಿ, ಪುಲ್ಲಿಗಳ ಗೆರೆಗಳಲ್ಲಿ ಕಟ್ಟಿದ್ದ ಪುಡಿಯನ್ನು ಬ್ರಷ್ಷಿನಿಂದ ತೊಳೆದು, ಅದೇ ಬೆಲ್ಟನ್ನು ಮತ್ತೆ ಹಾಕಿದೆವು. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟನ್ನು ಸಮಪಾಲಿನಲ್ಲಿ ಬೆರೆಸಿ, ಹೀಟರ್ ಪೂರ್ತಿ ತೆರೆದು, ಒಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಹೊರಬರುವವರೆಗೆ ಕಾದು ತುಂಬಿಸಿದ್ದಾಯಿತು. ಮರುದಿನ ತಣ್ಣಗಿರುವಾಗ ಟೆಸ್ಟರ್ ಕೂರಿಸಿದರೆ ಕಾಲು ಗಂಟೆ ಕಳೆದರೂ ಮುಳ್ಳು ಪೆನ್ನಿನ ಗುರುತು ಬಿಟ್ಟು ಕದಲಲಿಲ್ಲ. ಅಂದಿನಿಂದ ಮೂರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡುತ್ತಿದ್ದೇನೆ. ಕೂಲೆಂಟ್ ಮಟ್ಟ ಇಳಿದಿಲ್ಲ, ಬೆಲ್ಟ್ ಕಿರುಚಿಲ್ಲ, ಅದೇ ದಿಬ್ಬದಲ್ಲಿ ಮುಳ್ಳು ಮಧ್ಯದಲ್ಲಿಯೇ ನಿಲ್ಲುತ್ತಿದೆ.

ಹಳೆಯ ಕಾರನ್ನು ತಾವೇ ನೋಡಿಕೊಳ್ಳುವವರು, ಅಥವಾ ಕೂಲೆಂಟ್ ಎಲ್ಲಿ ಹೋಗುತ್ತಿದೆಯೆಂದು ತಿಳಿಯದೆ ತಿಂಗಳಿಗೊಮ್ಮೆ ತುಂಬಿಸುತ್ತಿರುವವರು ಇದನ್ನು ಕೊಳ್ಳಬಹುದೆಂದು ಧೈರ್ಯವಾಗಿ ಹೇಳುತ್ತೇನೆ. ಐದರಲ್ಲಿ ನಾಲ್ಕು ಅಂಕ. ಕಡಿತವಾದ ಒಂದು ಅಂಕ ಆ ಓ-ರಿಂಗಿಗೆ. ಅದೇ ಅಳತೆಯ ದಪ್ಪ ರಿಂಗೊಂದನ್ನು ತಂದು ಹಾಕಿದ ಮೇಲೆ ಆ ಬುಸ್ ಸದ್ದು ಮತ್ತೆ ಕೇಳಿಲ್ಲ.